ಭಜನೆ ಡಬ್ಬಾದ ಸಿನಿಮಾ ಕವಿ

ಕಮಲಾಕ್ಷ ಭಾವ, ಅಂದರೆ ನನ್ನ ಅಕ್ಕನ ಗಂಡ, ಎಪ್ಪತ್ತು ಎಂಬತ್ತರ ದಶಕದ ಕನ್ನಡ ಸಿನಿಮಾಗಳಿಗೆ ರಾಶಿ ರಾಶಿ ಹಾಡು ಬರೆದು ರಾಗವನ್ನೂ ಹಾಕಿದವರು. ಮದ್ರಾಸಿನ ಸಿನಿಮಾದವರಿಗೆ ಅವರು ದೊಡ್ಡ ಕವಿ. ನಮಗೋ, ಡೊಂಬಿವಲಿಯ ಚಾಳಿನಲ್ಲಿ ಬನಿಯನ್ ಹಾಕಿಕೊಂಡು ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುವ, ಠಾಣೆಯ ಕಾರ್ಖಾನೆಯ ಗುಮಾಸ್ತ. ಮನೆಯಲ್ಲಿ ಕೂತು ಒಂದು ಸಾಲೂ ಬರೆದವರಲ್ಲ ಮಾರಾಯ್ರೆ! ಅವರಿಗೆ ಹಾಡು ಹುಟ್ಟಲು ಬೆಳಗಿನ ಲೋಕಲ್ ರೈಲೇ ಆಗಬೇಕು, ಅದರಲ್ಲೂ ನಮ್ಮ ಕನ್ನಡದವರ ಭಜನೆ ನಡೆಯುವ ಡಬ್ಬಾವೇ ಆಗಬೇಕು.

ಆ ಡಬ್ಬಾದಲ್ಲಿ ದಿನಾ ತಾಳ ಹಿಡಿದು ಭಜನೆ ಹೇಳಿಸುತ್ತಿದ್ದವನು ವಿಜಾಪುರದ ಕಡೆಯ ಹಮಾಲಿ ಶಂಕ್ರೆಪ್ಪ. ಕಲ್ಯಾಣದಲ್ಲೇ ಹತ್ತಿ, ಕಿಟಕಿಯ ಪಕ್ಕ ಟವೆಲು ಹಾಸಿ ಭಾವನಿಗೆ ಜಾಗ ಹಿಡಿದಿರುತ್ತಿದ್ದ. ಭಾವ ಹೊಸ ರಾಗಕ್ಕೆ ದೇವರ ಮಾತು ತುಂಬಿಸಿ ಅವನ ಬಾಯಿಗೆ ಕೊಡುವರು. ಮುಂಬ್ರಾ ದಾಟುವುದರೊಳಗೆ ಇಡೀ ಡಬ್ಬಾ ಅದನ್ನು ಹಿಡಿದರೆ, ಪ್ರೇಮದ ಮಾತು ತೊಡಿಸಿ ಮದ್ರಾಸಿಗೆ ಕಳಿಸುವರು. ಹಿಡಿಯದಿದ್ದರೆ ರಾಗ ಅಲ್ಲಿಗೇ ಮುಗಿಯಿತು. ಭಾವ ಸಿನಿಮಾಕ್ಕೆ ಬರೆಯುವುದು ಡಬ್ಬಾಕ್ಕೆಲ್ಲ ಗೊತ್ತು, ಆದರೆ ಈ ಗುಟ್ಟು ಗೊತ್ತಿದ್ದದ್ದು ದಿನಾ ಅವರ ಜೊತೆಗೇ ಹೋಗುತ್ತಿದ್ದ ನನಗೊಬ್ಬನಿಗೆ.

"ಶಂಕ್ರೆಪ್ಪನಿಗೆ ಹೇಳಿಬಿಡಿ ಭಾವ" ಎಂದರೆ, "ಹೇಳಿದ್ರೆ ಅವ ಹಾಡುದಿಲ್ಲ ಮಾರಾಯ. ಅವ ಹಾಡದಿದ್ರೆ ನನ್ನ ಅಂಗಡಿ ಬಂದ್" ಎನ್ನುವರು.

ನಮ್ಮ ಕಡೆ ಕನ್ನಡ ಸಿನಿಮಾ ಬರುವುದೇ ಅಪರೂಪ, ಹಾಗಾಗಿ ವರ್ಷಗಟ್ಟಲೆ ಬಚಾವಾದರು. ೧೯೮೧ರಲ್ಲಿ ಉಲ್ಹಾಸನಗರದ ಟಾಕೀಸಿಗೆ, ಭಾನುವಾರ ಬೆಳಗಿನ ಆಟಕ್ಕೆ, ಅವರ ಹಾಡಿನ ಚಿತ್ರ ಬಂದೇಬಿಟ್ಟಿತು. "ನಮ್ಮ ಕಮಲಾಕ್ಷಣ್ಣನ ಸಿನಿಮಾರಿ!" ಎಂದು ಶಂಕ್ರೆಪ್ಪನೇ ಡಬ್ಬಾದ ಇಡೀ ಭಜನೆ ಮಂಡಳಿಯನ್ನು ಹೊರಡಿಸಿದ. ಭಾವನ ಮುಖ ಬಿಳುಚಿಕೊಂಡಿತ್ತು.

ಪರದೆಯ ಮೇಲೆ ಹೀರೋ ಹುಡುಗಿಯ ಹಿಂದೆ ಓಡಿದ: "ಪಕ್ಕದ ಮನೆಯ ಗಿಣಿಯೇ, ಮುಖ ತೋರು." ಡಬ್ಬಾದಲ್ಲಿ ಅದು "ಪಂಢರಪುರದ ಧಣಿಯೇ, ಮುಖ ತೋರು". ಊರಿನ ಗಣಪತಿ ಪೆಂಡಾಲುಗಳಿಗೂ ಹಬ್ಬಿದ್ದ ಭಜನೆ ಅದು. ಶಂಕ್ರೆಪ್ಪ ಎದ್ದು ನಿಂತ.

"ನಮ್ಮಪ್ಪ ವಿಠ್ಠಲನ ಪದಾ ತಂದು ಹುಡುಗಿ ಬೆನ್ನ ಹತ್ತಿಸಿದಿಯಲ್ಲೋ ಕಮಲಾಕ್ಷ! ನಾಳಿಂದ ನಮ್ಮ ಡಬ್ಬಾ ಹತ್ತಬ್ಯಾಡ!"

ಭಾವ ತಲೆ ತಗ್ಗಿಸಿದರು. ಅಷ್ಟರಲ್ಲಿ ಹಿಂದೆ ಕೂತಿದ್ದ ಹೋಟೆಲಿನವರು, ಕೂಲಿಯವರು ಪೆಂಡಾಲಿನ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟುತ್ತ "ಪಂಢರಪುರದ ಧಣಿಯೇ" ಎಂದು ಶುರು ಹಚ್ಚಿಕೊಂಡರು. ಅಯ್ಯೋ, ಹೀರೋ ಓಡುತ್ತಿದ್ದಾನೆ, ಟಾಕೀಸು ಭಜನೆ ಮಾಡುತ್ತಿದೆ! ಆದರೆ ಒಬ್ಬರ ತಾಳ ಇನ್ನೊಬ್ಬರಿಗೆ ಕೂಡಲೊಲ್ಲದು. ಹೊರಗೆ ಹೊರಟಿದ್ದ ಶಂಕ್ರೆಪ್ಪ ಬಾಗಿಲಲ್ಲಿ ನಿಂತು ಚಡಪಡಿಸಿದ.

"ಏ, ತಾಳ ಹಾಳ ಮಾಡಾಕ ಹತ್ತೀರಲ್ರೋ!"

ಗುಡುಗಿದವನೇ ಚೀಲದಿಂದ ತಾಳ ತೆಗೆದು, ಪರದೆಯ ಮುಂದೆ ನಿಂತು, ಹಾಡು ಮುಗಿಯುವ ತನಕ ಎಲ್ಲರಿಂದ ಹಾಡಿಸಿದ. ಆಮೇಲೆ ಭಾವನ ಕಡೆ ನೋಡದೆ ಹೊರಟುಹೋದ.

ಸೋಮವಾರ ಭಾವ ಬೇರೆ ಡಬ್ಬಾದತ್ತ ನಡೆದರು. ನಾನೇ ರಟ್ಟೆ ಹಿಡಿದೆಳೆದು ನಮ್ಮದಕ್ಕೇ ಹತ್ತಿಸಿದೆ. ಕಿಟಕಿಯ ಪಕ್ಕ ಟವೆಲು ಹಾಸಿತ್ತು. ಶಂಕ್ರೆಪ್ಪ ಮುಖ ಗಂಟಿಕ್ಕಿಕೊಂಡೇ ಅದನ್ನೆತ್ತಿ, "ಕುಂದರ್ರಿ" ಎಂದ. ಭಾವನ ಕಣ್ಣು ತುಂಬಿ ಬಂತು. ಶಂಕ್ರೆಪ್ಪ ತಾಳ ಕೈಗೆತ್ತಿಕೊಂಡ.

"ಹೊಸಾ ಸಿನಿಮಾದಾಗ ಹುಡುಗ ಹುಡುಗಿ ಏನ ಮಾಡಾಕ ಹತ್ಯಾರ, ಮೊದಲ ಹೇಳ್ರಿ. ಆಮ್ಯಾಲ ಹಾಡೂಣು."