ತುಂಬಿದ ಅಂಗಡಿಯ ಫೋಟೋ

ಹೊಸ ಹೆದ್ದಾರಿ ಚನ್ನಪಟ್ಟಣವನ್ನು ಬಳಸಿಕೊಂಡು ಹೋದ ಮೇಲೆ, ಹಳೇ ರಸ್ತೆಯ ನಮ್ಮ ಬೊಂಬೆ ಅಂಗಡಿಗಳ ಮುಂದೆ ಕಾರುಗಳು ಬರುವುದೇ ನಿಂತಿತು. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಬೊಂಬೆ ಅಂಗಡಿಗಳಿಗೆ ದಾರಿ ತೋರಿಸುವ ಒಂದು ಬೋರ್ಡು ಹಾಕಿ ಎಂದು ಕೇಳಿ ಕೇಳಿ ಸಾಕಾಗಿತ್ತು. ಪೇಪರಿನಲ್ಲಿ ಬಂದರೆ ಅಧಿಕಾರಿಗಳು ಒಸಿ ಅಲ್ಲಾಡಿಯಾರು ಅಂತ ಒಬ್ಬ ವರದಿಗಾರನನ್ನು ಕರೆಸಿದೆ.

ಅವನು ಬರುವ ಹೊತ್ತಿಗೆ ನನ್ನ ಅಂಗಡಿ ತುಂಬಿಹೋಗಿತ್ತು. ಪಕ್ಕದ ಅಂಗಡಿಯ ಸಿದ್ದಲಿಂಗ ತನ್ನ ಮನೆಯವರನ್ನೂ ನೆಂಟರನ್ನೂ ತಂದು ನಿಲ್ಲಿಸಿದ್ದ. ಅವನ ಅತ್ತೆ ಬುಗುರಿಯೊಂದನ್ನು ಹಿಡಿದು ಚೌಕಾಸಿ ಮಾಡುತ್ತಿದ್ದರು.

"ಏನ್ಲಾ ಇದು?" ಅಂದೆ ಮೆಲ್ಲಗೆ.

"ಖಾಲಿ ಅಂಗ್ಡಿ ಪೇಪರ್‌ನಾಗೆ ಬಂದ್ರೆ ಮಾನ ಉಳೀತದೇನ್ಲಾ? ಸುಮ್ಕಿರು."

ವ್ಯಾಪಾರ ಸತ್ತುಹೋಗಿದೆ ಅಂತ ನಾನು ಅಂದಾಗ ವರದಿಗಾರ ನಕ್ಕ. "ಕಾಲಿಡೋಕೆ ಜಾಗ ಇಲ್ಲವಲ್ಲ ಸಾರ್!"

ಇವರು ಗಿರಾಕಿಗಳಲ್ಲ ಎಂದು ಅಷ್ಟು ಜನರೆದುರು ಹೇಳಲು ನನಗೂ ಬಾಯಿ ಬರಲಿಲ್ಲ.

ಮಾರನೇ ದಿನ ದೊಡ್ಡ ಫೋಟೋ, ಮೇಲೆ 'ಬೈಪಾಸ್ ಬಂದರೂ ಕುಗ್ಗದ ಬೊಂಬೆ ವ್ಯಾಪಾರ' ಎಂಬ ತಲೆಬರಹ. ಬೋರ್ಡು ಕೇಳಲು ಹೋದರೆ ಕಚೇರಿಯಲ್ಲಿ ಅದನ್ನೇ ತೋರಿಸಿ ವಾಪಸ್ ಕಳಿಸಿದರು.

ಸುದ್ದಿ ಓದಿ ಅಂಗಡಿಗೆ ಬಂದವನು ಹತ್ತಿರದ ಬೈರಾಪಟ್ಟಣದವನೊಬ್ಬನೇ. "ಅಣ್ಣ, ನಾನೂ ಬೊಂಬೆ ಅಂಗ್ಡಿ ಮಡಗ್ಬೇಕು. ಇಲ್ಲೆಲ್ಲಾದ್ರೂ ಮಳಿಗೆ ಖಾಲಿ ಐತಾ?"

"ಇದನ್ನೇ ತಗೊಳಪ್ಪ."

"ವ್ಯಾಪಾರ ಚೆನ್ನಾಗಿರೋರು ಎಲ್ಲಾ ಹಿಂಗೇ ಅಂತೀರ," ಅಂತ ನಕ್ಕ.

ಆಗ ಅಂಗಡಿಯಲ್ಲಿದ್ದದ್ದು ನಾವಿಬ್ಬರೇ. ಆದರೂ ಅವನು ನಂಬಿದ್ದು ಪೇಪರನ್ನು.