ಕಂಬವಿಲ್ಲದ ಭವನದಲ್ಲಿ ಸಿದ್ದಮ್ಮ ಉಂಡ ಊಟ

ಸಿದ್ದಮ್ಮನ ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ಗಾರೆಯ ಬಾಂಡ್ಲಿ ಹೊತ್ತು ಹೊತ್ತು ಸವೆದುಹೋಗಿತ್ತು. ಅವಳ ಸೀರೆ ಕೆಂಪೋ ಹಸಿರೋ, ನನಗಾಗ ಏಳು ವರ್ಷವೋ ಎಂಟೋ, ಖಚಿತವಿಲ್ಲ. ಕೆಲವು ವಿವರ ನಾನೇ ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಆ ನೆತ್ತಿ, ಆ ಬಾಯಿ ಮಾತ್ರ ಮರೆಯುವಂಥವಲ್ಲ.

ಚಂದಕವಾಡಿ ಕಡೆಯವಳು. ಗುಂಡ್ಲುಪೇಟೆಯ ನಮ್ಮ ದವಸದ ಮಂಡಿಯಲ್ಲಿ ಕಾಳು ಕೇರುತ್ತಿದ್ದಳು. "ಬುಟ್ರೆ ನಿಮ್ಮಪ್ಪಾರು ಕಲ್ಲನ್ನೂ ಕಾಳು ಅಂತ ಮಾರ್ಬುಡ್ತಾರೆ ಕಣಮ್ಮಿ" ಎಂದು ಅಪ್ಪನಿಗೆ ಕೇಳುವಂತೆಯೇ ನನಗೆ ಹೇಳುತ್ತಿದ್ದಳು. ಐವತ್ತರ ದಶಕದಲ್ಲಿ ಪುರಭವನ ಏಳತೊಡಗಿದಾಗ ಅಲ್ಲಿ ಕಾಂಕ್ರೀಟು ಹೊರಲು ಹೋದಳು. ಕಟ್ಟಡದ ಕಮಿಟಿಯಲ್ಲಿ ಅಪ್ಪನೂ ಇದ್ದರು.

ಆ ಭವನವನ್ನು ಈಗ ಎಲ್ಲರೂ ಹೊಗಳುತ್ತಾರೆ. ಕಂಬವಿಲ್ಲದ ಅಷ್ಟಗಲದ ಚಾವಣಿ, ಗೋಡೆಯುದ್ದಕ್ಕೂ ಸಿಮೆಂಟಿನ ಜಾಲರಿ, ಗೋಪುರವಿಲ್ಲ, ಕಮಾನಿಲ್ಲ. ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಕಲ್ಲುಕಂಬದ ಮಂಟಪಗಳನ್ನಷ್ಟೇ ಕಂಡಿದ್ದ ಊರಿಗೆ ಆಗ ಅದು ಭಯ ಹುಟ್ಟಿಸಿತ್ತು. ಚಾವಣಿಗೆ ಕೊಟ್ಟಿದ್ದ ಆಸರೆಯ ಮರಗಳನ್ನು ಬಿಚ್ಚಿದ ದಿನ ಕಮಿಟಿಯವರೊಬ್ಬರೂ ಒಳಗೆ ಕಾಲಿಡಲಿಲ್ಲ. ಕೂಲಿ ಹೆಂಗಸರಿಗೆ ಪಾಯಸದ ಊಟವೆಂದು ಸಾರಿ, ಎಲೆಗಳನ್ನು ಚಾವಣಿಯ ಕೆಳಗೇ ಹಾಕಿಸಿದರು. ಆ ಹೆಂಗಸರು ಮಕ್ಕಳ ಸಮೇತ ಕೂತು ಉಂಡರು. ಕಮಿಟಿಯ ದೊಡ್ಡವರು ರಸ್ತೆಯಾಚೆ ನಿಂತು ಚಾವಣಿ ನೋಡಿದರು. ನಾನೂ ಪಾಯಸಕ್ಕೆಂದು ಓಡಹೊರಟೆ; ನನ್ನ ಕೈ ಹಿಡಿದಿದ್ದ ಅಪ್ಪನ ಹಿಡಿತ ಬಿಗಿಯಾಯಿತು.

ಸಿದ್ದಮ್ಮ ಒಳಗಿಂದ ಕೂಗಿದಳು: "ಬನ್ರಪ್ಪೋ, ಪಾಯ್ಸ ಆರೋಯ್ತದೆ!"

ಯಾರೂ ಹೋಗಲಿಲ್ಲ.

ಉದ್ಘಾಟನೆಯ ದಿನ ಅವಳು ಒಗೆದ ಸೀರೆಯುಟ್ಟು, ನೆತ್ತಿಯ ಮೇಲೆ ಸೆರಗೆಳೆದು ಬಂದಳು. ಬಾಗಿಲಲ್ಲಿ ಕಮಿಟಿಯವರೊಬ್ಬರು ತಡೆದರು. "ನೀವೆಲ್ಲ ಆಚೆ ನಿಂತ್ಕೊಳಿ. ದೊಡ್ಡೋರು ಬರೋ ಹೊತ್ತು."

"ಬೀಳ್ತದಾ ಇಲ್ವಾ ಅಂತ ನೋಡಕ್ಕೆ ನಾವು, ಬೀಳಾಕಿಲ್ಲ ಅಂತ ಗೊತ್ತಾದ್ಮೇಲೆ ಕೂರಕ್ಕೆ ನೀವಾ? ಮೊಮ್ಮಗೂನ ತೊಡೆ ಮೇಲೆ ಮಡಿಕ್ಕಂಡು ಉಂಡಿವ್ನಿ ಕಣ್ಲಾ ಇದರೊಳಗೆ! ದಾರಿ ಬುಡ್ಲಾ!"

ಬಿಡಲಿಲ್ಲ. ಇಬ್ಬರು ರಟ್ಟೆ ಹಿಡಿದು ಎಳೆದೊಯ್ದು ರಸ್ತೆಯಲ್ಲಿ ಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಅಪ್ಪ ತಿರುಗಿ ನೋಡಲಿಲ್ಲ.

ಆಮೇಲೆ ಸಿದ್ದಮ್ಮ ನಮ್ಮ ಮಂಡಿಗೆ ಬರಲಿಲ್ಲ. ಎಷ್ಟೋ ದಿನದ ಮೇಲೆ ಚಾಮರಾಜನಗರದ ಸಂತೆಯಲ್ಲಿ ಸಿಕ್ಕಳು. ನನ್ನ ಗಲ್ಲ ಹಿಡಿದು, "ಚೆಂದಾಗಿ ಓದ್ಕೊ ಕಣಮ್ಮಿ" ಎಂದಳು. ಹಿಂದೆ ಬರುತ್ತಿದ್ದ ಅಪ್ಪನನ್ನು ಕಂಡದ್ದೇ ಕೈ ತೆಗೆದು ಜನರ ನಡುವೆ ನಡೆದುಬಿಟ್ಟಳು. ಮತ್ತೆ ನಾನವಳನ್ನು ನೋಡಲಿಲ್ಲ.

ಓದಿದೆ. ಎರಡೂ ಕಡೆಯಿಂದ ಯೋಚಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತೆ. ಕಮಿಟಿಯವರಿಗೆ ಚಾವಣಿಯ ಮೇಲೆ ಪೂರ್ಣ ನಂಬಿಕೆ ಇತ್ತು, ಊಟ ಬರೀ ಸಂತೋಷದ ಊಟವಾಗಿತ್ತು ಎಂದುಕೊಳ್ಳಲು ನೋಡುತ್ತೇನೆ. ಹಾಗಿದ್ದರೆ ರಸ್ತೆಯಾಚೆ ಏಕೆ ನಿಂತರು? ಭವನದ ಗೋಡೆಯ ಕಲ್ಲುಫಲಕದಲ್ಲಿ ಅವರ ಹೆಸರುಗಳಿವೆ, ಅಪ್ಪನದೂ ಇದೆ. ಅದನ್ನು ಓದಿದಾಗಲೆಲ್ಲ ಮೈ ಉರಿಯುತ್ತದೆ.

ಕಳೆದ ವಾರ ಅಪ್ಪನ ತಂಗಿಯ ಮನೆಗೆ ಹೋಗಿದ್ದೆ. ಆಗ ಕಮಿಟಿಯವರು ಕೂತು ಮಾತಾಡುತ್ತಿದ್ದುದು ನಮ್ಮ ಜಗಲಿಯಲ್ಲೇ. ಅವರಿಗೆಲ್ಲ ಕಾಫಿ ಕೊಡುತ್ತಿದ್ದವರು ಈ ಅತ್ತೆ. ನಾನು ಕೇಳಿದ್ದಕ್ಕೆ ಅವರು ಅವರೆಕಾಯಿ ಸುಲಿಯುತ್ತಲೇ ಇದ್ದರು. ಕೇಳಿದ್ದು ಇಷ್ಟೇ:

"ಅತ್ತೆ, ಎಲೆಗಳನ್ನ ಒಳಗೇ ಹಾಕ್ಸಿ ಅಂದಿದ್ದು ಅಪ್ಪನಾ?"