ಚಿಗವ್ವನ ಎಣ್ಣೆಯಲ್ಲಿ ನೀರಿರಲಿಲ್ಲ

ಎಂಜಿನ್ನಿನೊಳಗೆ ಸುಟ್ಟ ಔಡಲೆಣ್ಣೆಗೆ, ಅಂದರೆ ಹರಳೆಣ್ಣೆಗೆ, ಒಂದು ಬೇರೆಯೇ ವಾಸನೆಯಿದೆ. ಬರೀ ಪೆಟ್ರೋಲಿನ ಹೊಗೆಯಂತೆ ಅದು ಮೂಗು ಚುಚ್ಚುವುದಿಲ್ಲ. ಬೆಲ್ಲದ ಪಾಕ ತಳ ಹಿಡಿದಾಗ ಬರುತ್ತದಲ್ಲ, ಹಾಗೆ ಸಿಹಿಯಾಗಿ, ಸ್ವಲ್ಪ ಕಮಟಾಗಿ ಬಂದು ಗಂಟಲಲ್ಲಿ ಕೂತುಬಿಡುತ್ತದೆ. ಹೋದ ತಿಂಗಳು ಹಾವೇರಿಯ ಬಸ್ ನಿಲ್ದಾಣದ ಎದುರು ರಾಣೆಬೆನ್ನೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಯಾರೋ ಒಬ್ಬ ಹಳೆಯ ಟೂ-ಸ್ಟ್ರೋಕ್ ಬೈಕಿನ ಮೇಲೆ ನೀಲಿ ಹೊಗೆ ಬಿಡುತ್ತ ಹಾದುಹೋದ. ಆ ವಾಸನೆ ಬಂತು. ನಾನು ಚೀಲವನ್ನು ಬಗಲಿಗೆ ಹಾಕಿಕೊಂಡು ಅವನ ಹಿಂದೆ ನಡೆಯತೊಡಗಿದೆ. ಎಪ್ಪತ್ತರ ಹತ್ತಿರ ಬಂದ ಮುದುಕ ಬೈಕಿನ ಹಿಂದೆ ನಡೆದು ಏನು ಮಾಡುತ್ತಾನೆ? ಮುಂದಿನ ತಿರುವಿನವರೆಗೆ ಹೋದೆ. ಹೊಗೆ ಚದುರಿತು, ಬಸ್ಸು ತಪ್ಪಿತು. ಅಂದಿನಿಂದ ಕೂತಲ್ಲಿ ಕೂರಲಾರೆ. ಊಟದ ನಡುವೆ ಎರಡು ಸಲ ಏಳುತ್ತೇನೆ, ಏಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂರುತ್ತೇನೆ. ನನ್ನನ್ನು ಸಾಕಿದವಳ ಮೇಲೆ ನಾನು ಹೊರಿಸಿದ ಒಂದು ಸುಳ್ಳನ್ನು ಈಗಲಾದರೂ ಬರೆದಿಡಬೇಕು.

ನಾಲ್ಕು ವರ್ಷದವನಿದ್ದಾಗ ನನ್ನ ಅವ್ವ ತೀರಿಕೊಂಡಳು. ಅವಳ ತಂಗಿ ಗಂಗವ್ವ, ನನ್ನ ಚಿಗವ್ವ, ನನ್ನನ್ನು ಬ್ಯಾಡಗಿಯ ತನ್ನ ಮನೆಗೆ ಕರೆತಂದಳು. ಎರಡು ಖೋಲಿ, ಒಂದು ಪಡಸಾಲೆ, ಹಿಂದೆ ಮನೆಗಿಂತ ದೊಡ್ಡದಾದ ಹಿತ್ತಲು. ಮೆಣಸಿನಕಾಯಿಯ ದಿನಗಳಲ್ಲಿ ಊರಿನ ಗಾಳಿಯೇ ಕೆಂಪಾಗಿರುತ್ತಿತ್ತು. ಪರವೂರಿನಿಂದ ಬಂದ ನೆಂಟರು ಹೊಸ್ತಿಲಲ್ಲಿ ಮೊದಲು ನಾಲ್ಕು ಸಲ ಸೀನಿ ಆಮೇಲೆ ಕ್ಷೇಮ ಕೇಳುತ್ತಿದ್ದರು. ಆ ಘಾಟು ಸೋಲುತ್ತಿದ್ದದ್ದು ಹಿತ್ತಲಲ್ಲಿ ಮಾತ್ರ, ಚಿಗವ್ವ ಔಡಲೆಣ್ಣೆ ಕಾಸುವ ದಿನ. ಬೀಜವನ್ನು ಹದವಾಗಿ ಹುರಿದು, ಕುಟ್ಟಿ, ದೊಡ್ಡ ಗಡಿಗೆಯಲ್ಲಿ ನೀರು ಹಾಕಿ ಕುದಿಸುತ್ತಿದ್ದಳು. ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆದು ಇನ್ನೊಂದು ಪಾತ್ರೆಗೆ ಹಾಕಿ ನೀರಿನಂಶ ಹೋಗುವ ತನಕ ಮತ್ತೆ ಕಾಸುತ್ತಿದ್ದಳು. ಕೊನೆಗೆ ಹತ್ತಿಯ ಬತ್ತಿಯೊಂದನ್ನು ಅದರಲ್ಲಿ ಅದ್ದಿ ಹಚ್ಚುತ್ತಿದ್ದಳು. ಒಂದು ಹನಿ ನೀರು ಉಳಿದಿದ್ದರೂ ಬತ್ತಿ ಚಟ್ ಎನ್ನುತ್ತದೆ. “ಶಿವ್ಯಾ, ಉಸಿರ ಬಿಡಬ್ಯಾಡ, ಕಿವಿಗೊಟ್ಟು ಕೇಳು” ಎನ್ನುತ್ತಿದ್ದಳು. ನಾವಿಬ್ಬರೂ ಬಗ್ಗಿ, ತಲೆಗೆ ತಲೆ ತಾಗಿಸಿ ಆ ಸಣ್ಣ ದೀಪವನ್ನು ಕೇಳುತ್ತಿದ್ದೆವು. ಹೌದು, ನೋಡುತ್ತಿರಲಿಲ್ಲ, ಕೇಳುತ್ತಿದ್ದೆವು. ಚಟ್ ಎಂದರೆ ಇನ್ನೊಂದು ತಾಸು ಉರಿ. ಸದ್ದಿಲ್ಲದೆ ಉರಿದರೆ ಮಾತ್ರ ಇಳಿಸುವುದು. ಮುಂದೆ ಎಂಜಿನ್ನಿನ ಒಳಗಿನ ನೋವನ್ನು ದೂರದಿಂದಲೇ ಹೇಳಬಲ್ಲವನು ಎಂದು ನನಗೆ ಹೆಸರು ಬಂತು. ಆ ಕಿವಿ ತಯಾರಾದದ್ದು ಬ್ಯಾಡಗಿಯ ಹಿತ್ತಲಲ್ಲಿ.

ಹಡೆದ ಹೆಣ್ಣುಮಗಳಿದ್ದ ಮನೆಯವರು ಗಿಂಡಿ ಹಿಡಿದುಕೊಂಡು ಚಿಗವ್ವನ ಹತ್ತಿರ ಬರುತ್ತಿದ್ದರು. ಆ ಓಣಿಯಲ್ಲಿ ಅವಳ ಎಣ್ಣೆ ನೆತ್ತಿಗೆ ಬೀಳದೆ ಬೆಳೆದ ಕೂಸು ಇರಲಿಲ್ಲ. ನನಗೆ ಹನ್ನೆರಡು ತುಂಬಿದಾಗ ಅವಳಿಗೆ ಬಸವರಾಜ, ನಮ್ಮ ಬಸ್ಯಾ, ಹುಟ್ಟಿದ. ಅವನು ಬೆಳೆದದ್ದು ನನ್ನ ಟೊಂಕದ ಮೇಲೆ. ಚಿಗವ್ವನ ಗಂಡ ಕಾಕಾ ಬೇಗ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರೇ. ರವಿವಾರ ನಮ್ಮಿಬ್ಬರನ್ನೂ ಸಾಲಾಗಿ ಕೂರಿಸಿ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಅವಳ ಅಂಗೈ ಒರಟಾಗಿತ್ತು. ತಟ್ಟುವಾಗ ಒಂದು ತಾಳ ಇರುತ್ತಿತ್ತು, ನಡುವೆ ಯಾರಾದರೂ ಕರೆದರೂ ಅದು ತಪ್ಪುತ್ತಿರಲಿಲ್ಲ. ನೀವೂ ಅಂಥ ಒಂದು ಅಂಗೈಯ ಕೆಳಗೆ ಕಣ್ಣು ಮುಚ್ಚಿ ಕೂತವರಾಗಿದ್ದರೆ ಹೆಚ್ಚು ವಿವರಿಸಬೇಕಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದೆ, ಮುಂದೆ ಓದು ಹತ್ತಲಿಲ್ಲ. ರಾಣೆಬೆನ್ನೂರಿನಲ್ಲಿ ಗ್ಯಾರೇಜು ಸೇರಿದೆ, ಕೆಲಸ ಕಲಿತೆ, ಮೇಡ್ಲೇರಿ ರಸ್ತೆಯಲ್ಲಿ ನನ್ನದೇ ಗ್ಯಾರೇಜು ಇಟ್ಟೆ. ಬಸ್ಯಾ ವಿದ್ಯುತ್ ಕಂಬ ಹತ್ತುವ ಲೈನ್‌ಮನ್ ಆದ. ಅವನಿಗೆ ಎತ್ತರದ ಭಯವಿರಲಿಲ್ಲ, ವೇಗದ್ದೂ ಇರಲಿಲ್ಲ. ಎರಡು ಸಾವಿರದ ಈಚಿನ ಮೊದಲ ವರ್ಷಗಳು ಅವು. ಸುಗ್ಗಿ ಮುಗಿದ ಹೊಲಗಳಲ್ಲಿ ಹುಡುಗರು ಮಣ್ಣಿನ ಸುತ್ತುದಾರಿ ಮಾಡಿ ಬೈಕ್ ರೇಸು ನಡೆಸುತ್ತಿದ್ದರು. ನೂರು ಸಿಸಿಯ ಹಳೆಯ ಟೂ-ಸ್ಟ್ರೋಕ್ ಬೈಕೊಂದನ್ನು ನಾನು ತಯಾರು ಮಾಡುವುದು, ಬಸ್ಯಾ ಓಡಿಸುವುದು. ಆ ಕೆಲಸ ನನಗೆ ಹಿಡಿದ ಗೀಳನ್ನು ಹೇಗೆ ಹೇಳಲಿ? ಸಿಲಿಂಡರಿನಲ್ಲಿ ಹೊಗೆ ಹೊರಹೋಗುವ ಕಿಂಡಿಯನ್ನು ಗುಂಡನೆಯ ಅರದಿಂದ ತಿಕ್ಕಿ ಒಂದಿಷ್ಟು ಮೇಲಕ್ಕೇರಿಸಿದರೆ ಎಂಜಿನ್ನು ನಿಧಾನದಲ್ಲಿ ಸತ್ತಂತಿದ್ದು, ವೇಗ ಏರಿದ ಕೂಡಲೇ ಹುಚ್ಚೆದ್ದು ಎಳೆಯುತ್ತಿತ್ತು. ಗಾಜಿನ ಹಲಗೆಯ ಮೇಲೆ ಎಮರಿ ಕಾಗದ ಹಾಸಿ, ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡುತ್ತಿದ್ದೆ. ತಗಡು ಸುತ್ತಿ ಬೆಸುಗೆ ಹಾಕಿ ಇಲಿ ನುಂಗಿದ ಹಾವಿನಂಥ ಸೈಲೆನ್ಸರು ಮಾಡಿದೆ. ಇಷ್ಟಾದ ಮೇಲೆ ಕಾರ್ಬೊರೇಟರಿನ ಜೆಟ್ಟು: ಪೆಟ್ರೋಲು ಹಾಯುವ, ಸಾಸಿವೆಗಿಂತ ಸಣ್ಣ ತೂತಿನ ಹಿತ್ತಾಳೆಯ ತುಣುಕು. ತೂತು ತುಸು ಕಿರಿದಾದರೆ ಎಂಜಿನ್ನು ಚುರುಕಾಗಿ ಕೂಗುತ್ತದೆ. ಅಷ್ಟೇ ಬೇಗ ಒಳಗೊಳಗೇ ಕಾಯುತ್ತದೆ. ಎಲ್ಲಿ ನಿಲ್ಲಬೇಕು ಎಂಬುದನ್ನು ಸ್ಪಾರ್ಕ್ ಪ್ಲಗ್ಗು ಹೇಳುತ್ತದೆ. ಬಿಚ್ಚಿ ನೋಡಿದಾಗ ಅದರ ಮೂತಿ ಚಹಾದ ಬಣ್ಣವಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಅಲ್ಲಿಗೆ ನಿಲ್ಲಿಸಬೇಕು.

ಟೂ-ಸ್ಟ್ರೋಕಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಎಷ್ಟು ಕಾಯ್ದರೂ ಔಡಲೆಣ್ಣೆ ಲೋಹವನ್ನು ಬಿಡುವುದಿಲ್ಲ ಎಂದು ಹಿರಿಯ ಮೆಕ್ಯಾನಿಕರಿಂದ ಕೇಳಿದ್ದೆ. ರೇಸಿನ ಡಬ್ಬಿ ಎಣ್ಣೆ ನಮ್ಮ ಕಡೆ ಸಿಗುತ್ತಿರಲಿಲ್ಲ. ಬ್ಯಾಡಗಿಗೆ ಹೋಗಿ ಚಿಗವ್ವನ ಮುಂದೆ ಡಬ್ಬಿ ಹಿಡಿದೆ. ಅವಳು ನಕ್ಕಳು. “ಕೂಸಿನ ನೆತ್ತೀಗೆ ಹಾಕೂ ಎಣ್ಣಿ ಗಾಡೀಗೆ ಹಾಕ್ತಾನಂತ! ನಾಳೆ ಅದಕ್ಕ ತೊಟ್ಟಿಲಾ ಕಟ್ಟು ಅಂತೀ, ನಾಡದು ಜೋಗುಳ ಹಾಡು ಅಂತೀ.” ಆದರೂ ಎಂದಿಗಿಂತ ಎರಡು ಸಲ ಹೆಚ್ಚು ಸೋಸಿ ಕೊಟ್ಟಳು. ಬತ್ತಿ ಹಚ್ಚಿ ನನಗೆ ಕೇಳಿಸಿಯೇ ಕೊಟ್ಟಳು. ಬತ್ತಿ ಸದ್ದಿಲ್ಲದೆ ಉರಿಯಿತು. ಅದಕ್ಕೆ ಸಾಕ್ಷಿ ನಾನೇ.

ಮೊದಲ ರೇಸಿನಲ್ಲಿ ಸೋತೆವು. ಗೆದ್ದ ಬೈಕಿನ ಹುಬ್ಬಳ್ಳಿಯ ಮೆಕ್ಯಾನಿಕ್ ಎಲ್ಲರೂ ಕೇಳುವಂತೆ, “ಶಿವಪ್ಪಣ್ಣಾರ, ನಿಮ್ಮ ಗಾಡಿ ಗಿರಣಿಗೆ ಜ್ವಾಳ ಒಯ್ಯಾಕ ಭಾಳ ಚಲೋ ಐತ್ರಿ” ಎಂದ. ಜನ ನಕ್ಕರು. ಬಸ್ಯಾನೂ ನಕ್ಕ. ನನಗೆ ನಗಲಾಗಲಿಲ್ಲ. ಮುಂದಿನ ರೇಸಿಗೆ ಕಿಂಡಿಯನ್ನು ಇನ್ನಷ್ಟು ತಿಕ್ಕಿದೆ, ಹೆಡ್ಡನ್ನು ಇನ್ನಷ್ಟು ಉಜ್ಜಿದೆ, ಜೆಟ್ಟನ್ನು ಇನ್ನಷ್ಟು ಕಿರಿದು ಮಾಡಿದೆ.

ರೇಸು ಮೇಡ್ಲೇರಿಯ ಹತ್ತಿರದ ಹೊಲದಲ್ಲಿ. ಬೆಳಿಗ್ಗೆ ಬಸ್ಯಾ ತಾಲೀಮಿಗೆ ಎರಡು ಸುತ್ತು ಹೊಡೆದು ಬಂದ. ಹಿಂದೆಂದೂ ಆ ಬೈಕು ಹಾಗೆ ಎಳೆದಿರಲಿಲ್ಲ. ನೇರ ದಾರಿಯಲ್ಲಿ ಅದರ ಕೂಗು ಕೇಳಿ ಹುಬ್ಬಳ್ಳಿಯವನು ಕೈಯಲ್ಲಿದ್ದ ಚಹಾ ಕುಡಿಯದೆ ನಿಂತ. ನಾನು ಪ್ಲಗ್ಗು ಬಿಚ್ಚಿದೆ. ಬೆಳ್ಳಗಿತ್ತು. ಬರೀ ಬೆಳ್ಳಗಲ್ಲ, ಅದರ ಮೇಲೆ ಕಣ್ಣಿಗೆ ಕಂಡೂ ಕಾಣದಂಥ ಹೊಳೆಯುವ ಚುಕ್ಕೆಗಳು. ಪಿಸ್ಟನ್ನಿನ ಲೋಹ ಕರಗಲು ಶುರುವಾಗಿದೆ ಎಂದು ಅದರ ಅರ್ಥ. ದೊಡ್ಡ ತೂತಿನ ಜೆಟ್ಟು ನನ್ನ ಅಂಗಿಯ ಕಿಸೆಯಲ್ಲೇ ಕಡ್ಡಿಪೆಟ್ಟಿಗೆಯೊಳಗಿತ್ತು. ಬದಲಿಸಲು ಹತ್ತು ನಿಮಿಷ ಸಾಕು. ಬದಲಿಸಿದರೆ ಆ ಕೂಗು ಮಂಕಾಗುತ್ತಿತ್ತು, ಅಷ್ಟೇ.

ಇಲ್ಲಿಗೆ ಬರೆದು ಎದ್ದು ಹೋಗಿದ್ದೆ. ಅಂಗಳದಲ್ಲಿ ಸುತ್ತು ಹಾಕಿ, ಮುಚ್ಚಿದ್ದ ನಲ್ಲಿಯನ್ನು ಮತ್ತೆ ಮುಚ್ಚಿ ಬಂದೆ.

“ಹೆಂಗೈತಿ ಅಣ್ಣಾ?” ಎಂದು ಬಸ್ಯಾ ಕೇಳಿದ. ನಾನು ಪ್ಲಗ್ಗನ್ನು ಬಟ್ಟೆಯಿಂದ ಒರೆಸುತ್ತ, “ಚಾದ ಬಣ್ಣ ಐತಿ. ಹೊಡಿ” ಎಂದೆ. ಅವನು ಇಣುಕಿಯೂ ನೋಡಲಿಲ್ಲ. ನನ್ನ ಟೊಂಕದ ಮೇಲೆ ಬೆಳೆದವನು, ನನ್ನ ಮಾತನ್ನು ಯಾಕೆ ಪರೀಕ್ಷೆ ಮಾಡುತ್ತಾನೆ?

ಮೂರನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ. ನೇರ ದಾರಿಯ ನಡುವೆ ಕೂಗು ಒಮ್ಮೆಲೇ ತುಂಡಾಯಿತು. ಪಿಸ್ಟನ್ನು ಸಿಲಿಂಡರಿಗೆ ಹಿಡಿದು ಹಿಂದಿನ ಗಾಲಿ ಕಟ್ಟಿಹಾಕಿದಂತೆ ನಿಂತಿತು. ಬಸ್ಯಾ ಗಾಳಿಯಲ್ಲಿ ಹೋದ. ಬೈಕು ಅವನ ಮೇಲೆ ಬಿತ್ತು. ನಾನು ಓಡುತ್ತಿದ್ದೆ, ಹೊಲ ಮುಗಿಯುತ್ತಲೇ ಇರಲಿಲ್ಲ. ಬಲತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಅವನನ್ನು ಜೀಪಿಗೆ ಏರಿಸುವಾಗ ಹುಬ್ಬಳ್ಳಿಯವನು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, “ಮನ್ಯಾಗ ಕಾಸಿದ ಎಣ್ಣಿ ಹಾಕೀರೇನ್ರಿ? ನೀರು ಇದ್ದಿರಬೇಕು. ಅದಕ್ಕ ಹಿಡದೈತಿ” ಎಂದ. ನಾನು ಹೌದೆಂಬಂತೆ ತಲೆಯಾಡಿಸಿದೆ. ಸುಳ್ಳನ್ನು ನಾನು ಹುಟ್ಟಿಸಲಿಲ್ಲ. ಕೈಗೆ ಬಂದದ್ದನ್ನು ಹಿಡಿದುಕೊಂಡೆ.

ದಾವಣಗೆರೆಯ ಆಸ್ಪತ್ರೆಗೆ ಚಿಗವ್ವ ಬಂದಳು. ಅಷ್ಟರಲ್ಲಿ ಆ ಮಾತು ಅವಳನ್ನು ಮುಟ್ಟಿತ್ತು. ಮಗನ ಮುಖ ನೋಡಿ ಹೊರಬಂದು, ನನ್ನನ್ನು ಗೋಡೆಯ ಹತ್ತಿರ ಕರೆದು ಮೆಲ್ಲಗೆ ಕೇಳಿದಳು: “ಶಿವ್ಯಾ, ಖರೇ ಹೇಳು. ನನ್ನ ಎಣ್ಣೀಲೆ ಆತೇನು?”

“ಇರಬಹುದವ್ವಾ” ಎಂದೆ.

ಅವಳು ತನ್ನ ಎರಡೂ ಅಂಗೈ ನೋಡಿಕೊಂಡಳು.

ಒಂದು ವಾರದ ನಂತರ ಎಂಜಿನ್ನು ಬಿಚ್ಚಿದೆ. ಪಿಸ್ಟನ್ನಿನ ಅಂಚು ಮೇಣದಂತೆ ಕರಗಿತ್ತು. ಕೆಳಗಿನ ಬೇರಿಂಗುಗಳ ಮೇಲೆ ಮಾತ್ರ ಅವಳ ಎಣ್ಣೆ ಜೇನಿನಂತೆ ಹೊಳೆಯುತ್ತಿತ್ತು, ತುಕ್ಕಿಲ್ಲ, ಗೀರಿಲ್ಲ. ತನ್ನ ಕೆಲಸವನ್ನು ಅದು ಕೊನೆಯ ಗಳಿಗೆಯವರೆಗೆ ಮಾಡಿತ್ತು. ಆ ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಕುಮಾರಪಟ್ಟಣದ ಹತ್ತಿರ ಹೊಳೆಗೆ ಎಸೆದೆ.

ಬಸ್ಯಾನ ಕಾಲು ಕೂಡಿತು, ಎರಡು ಬೆರಳಿನಷ್ಟು ಗಿಡ್ಡವಾಗಿ. ಕಂಬ ಹತ್ತುವುದು ಮುಗಿಯಿತು. ಹಾವೇರಿಯಲ್ಲಿ ದೂರಿನ ಫೋನು ಎತ್ತುವ ಮೇಜಿಗೆ ಅವನನ್ನು ಕೂರಿಸಿದರು. ಚಿಗವ್ವ ಗಡಿಗೆಯನ್ನು ಬೋರಲು ಹಾಕಿದಳು. ಗಿಂಡಿ ಹಿಡಿದು ಬಂದವರಿಗೆ, “ನನ್ನ ಎಣ್ಣಿ ನನ್ನ ಮಗನ ಕಾಲ ತಿಂತವ್ವಾ. ನಿಮ್ಮ ಕೂಸಿಗೆ ಬ್ಯಾಡ” ಎಂದು ತಾನೇ ಹೇಳಿ ಕಳಿಸಿದಳು. ಬಸ್ಯಾನಿಗೆ ಮಗಳು ಹುಟ್ಟಿದಾಗ ನೆರೆಯವಳೊಬ್ಬಳು ಅಂಗಡಿಯ ಎಣ್ಣೆ ತಂದು ಕೂಸಿನ ನೆತ್ತಿಗೆ ತಟ್ಟುತ್ತಿದ್ದಳು. ಚಿಗವ್ವ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ದೂರ ಕೂತು ನೋಡುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ನಾನು ಹೋಗುತ್ತಿದ್ದೆ, ಪ್ರತಿ ಸಲವೂ ಹೇಳಿಬಿಡಬೇಕೆಂದೇ. ಆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಹಿತ್ತಲಿಗೆ ಹೋಗುವೆ, ಬಾಗಿಲಿನ ಬಿಜಾಗರಿಗೆ ಎಣ್ಣೆ ಬಿಡುವೆ, ಗಾಡಿಯ ಗಾಳಿ ನೋಡುವೆ. “ಕುಂದ್ರೋ ಒಂದ್ ಗಳಿಗಿ. ಕುಂಡಿ ಸುಟ್ಟ ಬೆಕ್ಕಿನಂಗ ಯಾಕ ತಿರಗತೀ?” ಎಂದು ಅವಳೇ ಬೈಯುತ್ತಿದ್ದಳು. ಹೀಗೆ ಆರು ವರ್ಷ. ಒಂದು ಬೆಳಿಗ್ಗೆ ಅವಳು ಏಳಲಿಲ್ಲ.

ಬಸ್ಸು ತಪ್ಪಿತೆಂದೆನಲ್ಲ, ಅಂದು ನೇರವಾಗಿ ಹಾವೇರಿಯಲ್ಲೇ ಇದ್ದ ಬಸ್ಯಾನ ಮನೆಗೆ ಹೋದೆ. ನಿಂತೇ ಎಲ್ಲವನ್ನೂ ಹೇಳಿದೆ. ಅವನು ಕಾಲು ಚಾಚಿ ಕೂತು ಕೇಳಿದ. “ಕಾಲಿನ ಮಾತು ಬಿಡು. ಗಾಡಿ ಹತ್ತಿದಾಂವ ನಾನು” ಎಂದ. “ಆದ್ರ ಅವ್ವ ನನ್ನ ಮಗಳ ನೆತ್ತಿ ಮುಟ್ಟಲಿಲ್ಲ. ಆರು ವರ್ಷ ನೀ ಅದನ್ನ ನೋಡ್ಕೋತ ಚಾ ಕುಡದು ಹೋದಿ.” ನಾನು ಅವನ ಕೈ ಹಿಡಿಯಲು ಹೋದೆ. ಕೈ ಹಿಂದೆ ತೆಗೆದುಕೊಂಡ. “ನನಗ ಹೇಳಿ ಹಗುರ ಆಗಬ್ಯಾಡಣ್ಣಾ. ಆಕಿ ತಪ್ಪು ತನ್ನದು ಅಂತ ಓಣಿ ತುಂಬ ಹೇಳ್ಯಾಳ. ನೀನೂ ಹೋಗು, ಹೇಳು.” ನಾನು ಹೊರಡುವಾಗ ಅವನು ಬಾಗಿಲಿನ ತನಕ ಬರಲಿಲ್ಲ.

ಮರುದಿನ ಬ್ಯಾಡಗಿಗೆ ಹೋದೆ. ಗಿಂಡಿ ಹಿಡಿದು ಬರುತ್ತಿದ್ದವರಲ್ಲಿ ಹೆಚ್ಚಿನವರು ಇಲ್ಲ. ರುದ್ರವ್ವ ಎಂಬ ಮುದುಕಿ ಸಿಕ್ಕಳು. ಅವಳ ನಾಲ್ಕು ಮಕ್ಕಳೂ ಚಿಗವ್ವನ ಎಣ್ಣೆಯಲ್ಲಿ ಬೆಳೆದವರು. ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಯಾರೆಂದು ಹೇಳಿಕೊಂಡೆ, ತಗ್ಗಿದ ದನಿಯಲ್ಲಿ ಶುರುಮಾಡಿದೆ.

“ಏನು, ಎಣ್ಣಿ ಬೇಕಾ? ಅಂಗಡಿ ಅಲ್ಲೈತಿ ನೋಡು.”

“ಎಣ್ಣಿ ಬ್ಯಾಡ್ರಿ ಆಯಿ. ಗಂಗವ್ವನ ಮಾತು.”

“ಕಿವಿ ಸತ್ತಾವೋ ತಮ್ಮಾ. ಗಂಡಸು ಇದ್ದೀಯಿಲ್ಲೋ? ಜ್ವಾರ ಹೇಳು.”

ಹೇಳಿದೆ. ಕೇಳಿಸಲಿಲ್ಲ ಎಂದಳು. ಇನ್ನೂ ಜೋರಾಗಿ ಹೇಳಿದೆ. ಕೊನೆಗೆ ಓಣಿಯ ನಡುವೆ ನಿಂತು ಕೂಗಿದೆ: “ಗಂಗವ್ವನ ಎಣ್ಣ್ಯಾಗ ನೀರಿರಲಿಲ್ರಿ! ಬಸ್ಯಾನ ಕಾಲು ಮುರದದ್ದು ನನ್ನಿಂದ! ಸುಳ್ಳು ನಂದು!” ಎದುರು ಮನೆಯ ಹೊಲಿಗೆ ಯಂತ್ರ ನಿಂತಿತು. ಮಾಳಿಗೆಯ ಮೇಲಿನಿಂದ ಯಾರೋ ಬಗ್ಗಿ ನೋಡಿದರು. ರುದ್ರವ್ವ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಪೂರ್ತಿ ಸುಲಿದು ತಾಟಿಗೆ ಹಾಕಿದಳು.

“ಇದನ್ನ ಗಂಗಿಗೆ ಹೇಳಿದೇನು?”

ಇಲ್ಲವೆಂದು ತಲೆ ಅಲ್ಲಾಡಿಸಿದೆ.

“ಮತ್ತ ನನ್ನ ಮುಂದ ಯಾಕ ಒದರತೀ? ಮೊದಲ ಆಕೀಗೆ ಹೇಳು ಹೋಗು. ಈಗ ಮನ್ಯಾಗ ಇರ್ತಾಳ. ಲಗೂ ಹೋಗು, ಹಿತ್ತಲಕ್ಕ ಹೋದ್ಲಂದ್ರ ಒದರಿದ್ರೂ ಕೇಳಂಗಿಲ್ಲ.”

ಚಿಗವ್ವ ತೀರಿಕೊಂಡದ್ದು ಅವಳಿಗೆ ಮರೆತುಹೋಗಿತ್ತು. “ಹೂನ್ರಿ” ಎಂದೆ.

ನಿಜವಾಗಿಯೂ ಹೋದೆ. ಎರಡು ತಿರುವು ದಾಟಿದರೆ ಮನೆ. ಅಲ್ಲೀಗ ಮೆಣಸಿನಕಾಯಿಯ ಗೋದಾಮು ನಿಂತಿದೆ. ಪಡಸಾಲೆ ಯಾವುದು, ಹಿತ್ತಲು ಯಾವುದು ಎಂದು ಗುರುತೇ ಹತ್ತುವುದಿಲ್ಲ. ಬಾಗಿಲಿನಿಂದ ಒಳಗಿನ ಕತ್ತಲೆಯವರೆಗೂ ಹೆಂಗಸರು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಿದ್ದರು. ನಾನು ನಿಂತೇ ಇದ್ದುದನ್ನು ಕಂಡು ಮೊದಲಿನವಳು, “ಯಾರ ಬೇಕಾಗಿತ್ರಿ ಯಜ್ಜಾ?” ಎಂದಳು.

“ಗಂಗವ್ವ” ಎಂದೆ.

ಅವಳು ಪಕ್ಕದವಳನ್ನು ಕೇಳಿದಳು, ಅವಳು ಅದರಾಚೆಯವಳನ್ನು. ಯಾರೂ ಕೈಕೆಲಸ ನಿಲ್ಲಿಸಲಿಲ್ಲ. ಆ ಹೆಸರು ಬಾಯಿಂದ ಬಾಯಿಗೆ, ಗಂಗವ್ವ, ಗಂಗವ್ವ ಎಂದು ಸಾಲಿನ ಉದ್ದಕ್ಕೂ ಒಳಗೆ ಹೋಯಿತು. ನನಗೆ ಕಾಣದಷ್ಟು ದೂರ ಹೋಯಿತು. ನಾನು ಉಸಿರು ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಉತ್ತರ ಅದೇ ದಾರಿಯಲ್ಲಿ ಒಬ್ಬೊಬ್ಬರನ್ನೇ ದಾಟಿ ಹೊರಗೆ ಬಂತು.

“ಆ ಹೆಸರಿನವರು ಇಲ್ಲಿ ಯಾರೂ ಇಲ್ರಿ.”